ಮೂರು ಮಂಗಳವಾರ

ಅರಕೆರೆ
4 ನವೆಂಬರ್ 2024

ತಾಯಿ ಕಾಳಮ್ಮ ಕಾಪಾಡಲಿ

ತಮ್ಮ ರವೀಂದ್ರನಿಗೆ,

ಅಕ್ಕ ಚಲುವಮ್ಮ ಹರಸಿ ಬರೆಯುತ್ತಿರುವ ಕಾಗದ. ದೀಪಾವಳಿಗಾದರೂ ಫೋನ್ ಮಾಡುತ್ತೀಯ ಅಂತ ಮೂರು ದಿನ ಕಾದೆ. ನಿನ್ನ ಭಾವ ಒಂದು ಸಲ ನನ್ನ ಮುಖ ನೋಡಿ, "ಅವ್ನಿಗೆ ಅಕ್ಕನ ಮಾತು ಬ್ಯಾಡಾಗದೆ ಬುಡು, ಕಾಗ್ದ ಬರೀತಾನಲ್ಲ, ಅದೇ ದೊಡ್ಡದು" ಅಂದು ಕುಲುಮೆಗೆ ಹೋದರು. ನಿನ್ನ ದನಿ ಕೇಳಿ ಎರಡು ವರ್ಷವಾಯಿತು. ಗಣಿ ಕಾಲೋನಿಯಲ್ಲಿ ಟವರ್ ಸಿಗುವುದಿಲ್ಲ ಅನ್ನುತ್ತೀಯ. ಟವರ್ ಹೋಗದ ಊರಿಗೆ ಪೋಸ್ಟ್‌ಮನ್ ಹೇಗೆ ಹೋಗುತ್ತಾನೋ ನನಗೆ ತಿಳಿಯದು. ಇರಲಿ, ಬೈಯುವುದಕ್ಕೆ ಕಾಗದ ಹಿಡಿದು ಕೂತಿಲ್ಲ.

ಇಲ್ಲಿ ಕಬ್ಬು ಕಡಿಯುವ ಕಾಲ. ವರ್ಷವೆಲ್ಲ ಗೇಟು ಕಿಟಕಿ ವೆಲ್ಡಿಂಗ್ ಮಾಡುವ ನಿನ್ನ ಭಾವ ಈಗ ಮಾತ್ರ ಕುಲುಮೆ ಹೊತ್ತಿಸಿ ಮಚ್ಚು, ಕುಡುಗೋಲು ಹದ ಮಾಡಿಕೊಡುತ್ತಾರೆ. ಬೆಳಿಗ್ಗೆ ಏಳುವುದರೊಳಗೆ ಬಾಗಿಲಲ್ಲಿ ಜನ. ತವರು ಸಂತೆಬಾಚಹಳ್ಳಿಯಿಂದ ನಾನು ತಂದಿಟ್ಟುಕೊಂಡ ಅಪ್ಪನ ಕುಲುಮೆಯ ಕಾಳಮ್ಮನ ಕಲ್ಲಿಗೆ ದಿನಾ ಹೂ ಏರಿಸಿ, ಮೊದಲು ನಿನ್ನ ಹೆಸರು ಹೇಳಿ ಕೈ ಮುಗಿಯುತ್ತೇನೆ. ತನುಶ್ರೀಗೆ ಕೆ.ಆರ್.ಎಸ್.ನ ಒಂದು ಹೋಟೆಲಿನಲ್ಲಿ ಕೆಲಸ ಸಿಕ್ಕಿದೆ, ಬಂದವರ ಹೆಸರು ಬರೆದುಕೊಂಡು ರೂಮಿನ ಕೀಲಿ ಕೊಡುವುದು. ಉತ್ತರದ ಜನರ ಜೊತೆ ಮಾತಾಡಿ ಮಾತಾಡಿ ನನ್ನ ಮಗಳು ಈಗ ನಿದ್ದೆಯಲ್ಲೂ ಹಿಂದಿ ಒದರುತ್ತಾಳೆ.

ಹೋದ ಕಾಗದದಲ್ಲಿ ನೀನು, ನೆಲದ ಮೇಲಿನ ವೆಲ್ಡಿಂಗ್ ಕೆಲಸದಿಂದ ತೆಗೆದು ಗಣಿಯೊಳಗೆ ಕಬ್ಬಿಣದ ಬಾಗಿಲು ಕೂರಿಸಲು ಹಾಕಿದ್ದಾರೆ ಅಂತ ಬರೆದಿದ್ದೆ. ಭೂಮಿಯೊಳಗೆ ಬಾಗಿಲು ಯಾಕಪ್ಪ? ಅಲ್ಲಿಗೆ ಯಾವ ಕಳ್ಳ ಬರುತ್ತಾನೆ? ಸರಿಯಾಗಿ ಉಸಿರಾಡಲು ಆಗುತ್ತದಾ? ಮುಚ್ಚಿಡದೆ ಬರೆ.

ನಿನ್ನ ಅಕ್ಕ
ಚಲುವಮ್ಮ

*

ಗಣಿ ಕಾಲೋನಿ
14 ನವೆಂಬರ್ 2024

ಅಕ್ಕನ ಪಾದಕ್ಕೆ ರವೀಂದ್ರನ ನಮಸ್ಕಾರ.

ನಿನ್ನ ಕಾಗದ ಓದಿ ನಕ್ಕೆ. ಬಾಗಿಲು ಕಳ್ಳರಿಗಲ್ಲ, ಗಾಳಿಗೆ. ಗಣಿಯ ಆ ತುದಿಯಲ್ಲಿ, ಮೇಲೆ, ನಮ್ಮ ಮನೆಯಷ್ಟು ದೊಡ್ಡ ಫ್ಯಾನು ಇದೆ. ಅದು ಒಳಗಿನ ಕೆಟ್ಟ ಗಾಳಿಯನ್ನು ಹೊರಗೆ ಎಳೆಯುತ್ತಲೇ ಇರುತ್ತದೆ. ಅದು ಎಳೆದಂತೆ ಈ ತುದಿಯಿಂದ ಒಳ್ಳೆಯ ಗಾಳಿ ಎರಡು ದಾರಿಯಲ್ಲಿ ಒಳಗೆ ಬರುತ್ತದೆ, ಟ್ರಾಲಿ ಓಡುವ ದಾರಿ ಒಂದು, ಜನ ನಡೆಯುವ ದಾರಿ ಒಂದು. ಗಾಳಿ ಸೋಮಾರಿ, ಅಕ್ಕ. ಬಿಟ್ಟರೆ ಹತ್ತಿರದ ಸಂದು ಹಿಡಿದು ಹೊರಟುಹೋಗುತ್ತದೆ, ಕಲ್ಲಿದ್ದಲು ಕಡಿಯುವ ಜನರವರೆಗೆ ಹೋಗುವುದಿಲ್ಲ. ಅದಕ್ಕೇ ಬಾಗಿಲು. ಎಲ್ಲಾ ಕಡೆ ಜೋಡಿ ಬಾಗಿಲು. ಒಂದು ಹಾಕಿಕೊಳ್ಳದೆ ಇನ್ನೊಂದು ತೆಗೆಯಬಾರದು. ಅಪ್ಪ ಕುಲುಮೆಗೆ ಗಾಳಿ ಊದುವ ತಿದಿಯ ಮೂತಿಗೆ ಮಣ್ಣು ಮೆತ್ತಿ ಗಾಳಿಯನ್ನು ಬೇಕಾದ ಕಡೆ ತಿರುಗಿಸುತ್ತಿದ್ದರಲ್ಲ, ಅದೇ ಕೆಲಸ, ದೊಡ್ಡದು ಅಷ್ಟೇ. ಉಸಿರಿಗೆ ತೊಂದರೆಯಿಲ್ಲ.

ಫೋನಿನ ವಿಷಯ ಬೇಸರ ಮಾಡಿಕೊಳ್ಳಬೇಡ. ಟವರ್ ನಿಜವಾಗಿಯೂ ಇಲ್ಲ. ತೀರಾ ಜರೂರಿದ್ದರೆ ನನ್ನ ಜೊತೆಗಾರ ಬುಧರಾಮನ ನಂಬರ್ ಕೆಳಗೆ ಬರೆದಿದ್ದೇನೆ. ಅವನ ಮನೆ ಗುಡ್ಡದ ಮೇಲಿದೆ, ಅಲ್ಲಿ ಸಿಗುತ್ತದೆ. ಇದೇ ಉತ್ತರದ ಕಡೆಯವನು, ಹಿಂದಿ ಮಾತಾಡುತ್ತಾನೆ, ಗೋಡೆ ಕಟ್ಟುವ ಕೆಲಸ, ಓದು ಬರಹ ಇಲ್ಲ. ಹೆಂಡತಿ ಫುಲಮತಿ ನನಗೂ ಸೇರಿಸಿ ರೊಟ್ಟಿ ಕಟ್ಟಿ ಕಳಿಸುತ್ತಾಳೆ.

ಈಗ ನಿನ್ನನ್ನು ಒಂದು ಮಾತು ಕೇಳಬೇಕು. ಕಲ್ಲಿದ್ದಲು ತೆಗೆದು ಮುಗಿದ ಹಳೆಯ ಜಾಗಗಳನ್ನು ಇಟ್ಟಿಗೆ ಗೋಡೆ ಕಟ್ಟಿ ಮುಚ್ಚಿರುತ್ತಾರೆ. ಟ್ರಾಲಿ ದಾರಿಯ ಪಕ್ಕ ಅಂಥ ಒಂದು ಗೋಡೆ ಇದೆ. ಹೋದ ವಾರ ನಾನೂ ಬುಧರಾಮನೂ ಅಲ್ಲಿ ಬಾಗಿಲಿನ ಚೌಕಟ್ಟು ಅಳೆಯುತ್ತಿದ್ದಾಗ ಗೋಡೆ ಬೆವರುತ್ತಿತ್ತು. ಸುತ್ತ ಎಲ್ಲ ಒಣಗಿದೆ, ಅದೊಂದು ಗೋಡೆ ಮಾತ್ರ ಹಣೆ ಬೆವರಿದ ಹಾಗೆ ಹನಿ ಹನಿ. ಮುಟ್ಟಿದರೆ ಬೆಚ್ಚಗೆ. ನಮ್ಮ ಕುಲುಮೆಯ ಕಾಳಮ್ಮನ ಕಲ್ಲು ಮಳೆಗೆ ಮುಂಚೆ ಬೆವರುವುದು ಹೀಗೆಯೇ ತಾನೇ? ಟೋಪಿ ತೆಗೆದು ಕೈ ಮುಗಿದೆ. ಬುಧರಾಮ ನನ್ನನ್ನು ನೋಡಿ ತಾನೂ ಟೋಪಿ ತೆಗೆದು ಕೈ ಮುಗಿದ.

ಗೋಡೆ ಬೆವರಿದರೆ ಪಾಳಿಯ ಮೇಲ್ವಿಚಾರಕರಿಗೆ ಹೇಳಬೇಕು ಅಂತ ಇಲ್ಲಿ ಕಟ್ಟಳೆ ಇದೆ. ಹೇಳಿದರೆ ಆ ಭಾಗ ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ, ನಮ್ಮಂಥ ಕಂತ್ರಾಟಿನ ಜನ ಕೂಲಿಯಿಲ್ಲದೆ ಮನೆಯಲ್ಲಿ ಕೂರಬೇಕು. ನಾನಿನ್ನೂ ಹೇಳಿಲ್ಲ. ಏನು ಮಾಡಲಿ, ಬರೆ.

ರವೀಂದ್ರ

*

ಅರಕೆರೆ
22 ನವೆಂಬರ್ 2024

ತಾಯಿ ಕಾಳಮ್ಮ ಕಾಪಾಡಲಿ

ರವೀಂದ್ರ,

ನಿನ್ನ ಕಾಗದವನ್ನು ಕಲ್ಲಿನ ಮುಂದೆ ಇಟ್ಟು ಓದಿದೆ. ಕಣ್ಣಲ್ಲಿ ನೀರು ಬಂತು. ಅಪ್ಪ ಹೋದಮೇಲೆ ಕುಲುಮೆ ಮುಚ್ಚಿತು, ವಂಶದ ಕೆಲಸ ಬಿಟ್ಟು ತಮ್ಮ ದೂರ ಹೋದ, ತಾಯಿ ನಮ್ಮನ್ನು ಮರೆತಳೇನೋ ಅಂತ ಒಳಗೊಳಗೇ ಅಂದುಕೊಂಡಿದ್ದೆ. ಮರೆತಿಲ್ಲ. ಬೆಂಕಿ ಕಬ್ಬಿಣ ಹಿಡಿದು ಬದುಕುವವನನ್ನು ಹುಡುಕಿಕೊಂಡು ಭೂಮಿಯೊಳಗೇ ಬಂದಿದ್ದಾಳೆ. ಅವಳೂ ಕಪ್ಪು, ಆ ಜಾಗವೂ ಕಪ್ಪು.

ನಮ್ಮ ಮನೆಯ ಪದ್ಧತಿ ನಿನಗೆ ಮರೆತಿರಬಹುದು, ನೀನು ಆಗ ಸಣ್ಣವನು. ಅಮ್ಮ ಬೆವರಿದರೆ ಮೂರು ಮಂಗಳವಾರ ಕುಂಕುಮ ಹೂವಿನ ಪೂಜೆ. ಮೂರನೆಯದು ಮುಗಿಯುವವರೆಗೆ ಹೊರಗಿನವರ ಕಿವಿಗೆ ಬೀಳಬಾರದು. ಅಪ್ಪ ಆ ದಿನಗಳಲ್ಲಿ ಕುಲುಮೆಗೆ ಬಂದ ಗಿರಾಕಿಯನ್ನೂ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದರು. ಮುಂಚೆ ಬಾಯಿ ಬಿಟ್ಟರೆ ಬಂದ ತಾಯಿ ಮುನಿದು ಹೋಗುತ್ತಾಳೆ.

ಸಾಹೇಬರಿಗೆ ಹೇಳಬೇಡ. ಬೂಟುಗಾಲಿನಲ್ಲಿ ಬಂದು ಗೋಡೆ ಕೆದಕುತ್ತಾರೆ. ಮೂರು ಮಂಗಳವಾರ ಕಳೆಯಲಿ, ಆಮೇಲೆ ಕಟ್ಟಳೆಯ ಪ್ರಕಾರ ಹೇಳು. ಜೊತೆಗಾರನಿಗೂ ತಿಳಿಸಿ ಹೇಳು. ಬೆಂಕಿ ಹಚ್ಚಬಾರದ ಜಾಗ ಅಂತ ಹಿಂದೊಮ್ಮೆ ನೀನೇ ಬರೆದಿದ್ದೆ, ದೀಪ ಕರ್ಪೂರ ಬೇಡ. ನಮ್ಮ ಕಲ್ಲಿನ ಕುಂಕುಮ ಪೊಟ್ಟಣ ಕಟ್ಟಿ ಇದರೊಳಗೆ ಇಟ್ಟಿದ್ದೇನೆ, ಗೋಡೆಗೆ ಇಡು.

ಭಾವನವರಿಗೂ ಹೇಳಿಲ್ಲ. ಬಾಯಿ ಬಿಗಿ ಹಿಡಿದು ಕೂತಿದ್ದೇನೆ, ನನಗೆ ಅದೆಷ್ಟು ಕಷ್ಟ ಅಂತ ನಿನಗೇ ಗೊತ್ತು.

ಚಲುವಮ್ಮ

*

ಗಣಿ ಕಾಲೋನಿ
3 ಡಿಸೆಂಬರ್ 2024, ಮಂಗಳವಾರ

ಅಕ್ಕನಿಗೆ ನಮಸ್ಕಾರ.

ಕುಂಕುಮ ಕೈಸೇರಿತು. ಇವತ್ತು ಮೊದಲನೆಯ ಪೂಜೆ ಆಯಿತು. ಬುಧರಾಮನಿಗೆ ನಿನ್ನ ಮಾತನ್ನೆಲ್ಲ ಅವನ ಭಾಷೆಯಲ್ಲಿ ಹೇಳಿದೆ. ನನಗಿಂತ ಅವನ ಭಕ್ತಿಯೇ ಹೆಚ್ಚಾಗಿದೆ. ಗೋಡೆಯ ಕೆಳಗೆ ಸಣ್ಣ ಗೂಡು ಮಾಡಿ ಒಂದು ಕರಿಕಲ್ಲು ನಿಲ್ಲಿಸಿ ಕುಂಕುಮ ಇಟ್ಟಿದ್ದಾನೆ. ಫುಲಮತಿ ಚೆಂಡುಹೂವಿನ ಹಾರ ಕಟ್ಟಿ ಕೊಟ್ಟಿದ್ದಳು, ಎಲ್ಲಿಗೆ ಅಂತ ಅವಳಿಗೆ ಹೇಳಿಲ್ಲವಂತೆ. ಹಾರ ಹಾಕಿ, ಪಕ್ಕದ ಬಾಗಿಲಿನ ತಿರುಗಣೆ ಬಿಗಿ ಮಾಡಿ ಬರುವಷ್ಟರಲ್ಲಿ ಹೂವೆಲ್ಲ ಬಾಡಿ ಜೋತುಬಿದ್ದಿತ್ತು. ಅಮ್ಮ ಒಪ್ಪಿಕೊಂಡಳು ಅಂದ ಬುಧರಾಮ.

ಗೋಡೆ ಈಗ ಮೊದಲಿಗಿಂತ ಬಿಸಿ, ಗಬ್ಬದ ಹಸುವಿನ ಹೊಟ್ಟೆ ಮುಟ್ಟಿದ ಹಾಗೆ. ಹತ್ತಿರ ನಿಂತರೆ ಸೀಮೆಎಣ್ಣೆ ದೀಪ ಆರಿಸಿದಾಗಿನ ವಾಸನೆ. ಲೈಟು ಬಿಟ್ಟರೆ ಮಂಜು ಕವಿದ ಹಾಗೆ ತೆಳ್ಳಗೆ ಕಾಣುತ್ತದೆ. ಸಂಜೆ ಮೇಲೆ ಬಂದಮೇಲೆ ತಲೆ ಸಿಡಿಯುತ್ತದೆ, ಬುಧರಾಮನಿಗೂ ಹಾಗೇ. ಉಪವಾಸ ಇದ್ದುದರಿಂದ ಇರಬಹುದು.

ಮೇಲ್ವಿಚಾರಕರು ನಿನ್ನೆ ಆ ದಾರಿಯಲ್ಲಿ ಏನಾದರೂ ವಾಸನೆ ಇದೆಯಾ ಅಂತ ಕೇಳಿದ ಹಾಗಿತ್ತು. ಇಲ್ಲ ಅಂತ ತಲೆ ಆಡಿಸಿದೆ. ಒಳ್ಳೆಯ ಮನುಷ್ಯ. ಸುಳ್ಳು ಹೇಳಿದ್ದು ಮನಸ್ಸಿಗೆ ಚುಚ್ಚುತ್ತಿದೆ. ಆ ಗೋಡೆ ದಾಟಿ ಒಳಗೆ ಒಂದು ಪಾಳಿಯ ಜನ ಕೆಲಸ ಮಾಡುತ್ತಾರೆ, ಗೋಡೆಯ ಮುಂದೆ ಹಾದ ಗಾಳಿಯನ್ನೇ ಅವರು ಉಸಿರಾಡುವುದು.

ಇನ್ನು ಎರಡು ಮಂಗಳವಾರ. ನೀನು ಹೇಳಿದ ಮೇಲೆ ನನಗೆ ಹೆದರಿಕೆಯಿಲ್ಲ.

ರವೀಂದ್ರ

*

ಅರಕೆರೆ
11 ಡಿಸೆಂಬರ್ 2024

ರವೀಂದ್ರ,

ಈ ಕಾಗದ ಓದಿದ ತಕ್ಷಣ ಎದ್ದು ಹೋಗಿ ಮೇಲ್ವಿಚಾರಕರಿಗೆ ಹೇಳು. ಮೂರನೆಯ ಮಂಗಳವಾರ ಬೇಡ. ಮೊದಲು ಹೇಳಿ ಬಾ, ಆಮೇಲೆ ಉಳಿದದ್ದು ಓದು.

ನಿನ್ನ ಕಾಗದ ಬಂದಾಗ ನಾನು ಮನೆಯಲ್ಲಿರಲಿಲ್ಲ. ಪಕ್ಕದ ಪುಟ್ಟಲಕ್ಷ್ಮಮ್ಮನ ಕಣದಲ್ಲಿದ್ದೆ. ತಿಂಗಳ ಮೊದಲಲ್ಲಿ ಇಲ್ಲಿ ಅಕಾಲದ ಮಳೆ ಹೊಡೆಯಿತು. ಅವಳ ಭತ್ತದ ಹುಲ್ಲು ನೆನೆದಿತ್ತು. ಮತ್ತೆ ಮಳೆ ಬಂದೀತೆಂದು ಪೂರಾ ಒಣಗುವ ಮುಂಚೆಯೇ ಮೆದೆ ಹಾಕಿಸಿದ್ದಳು. ಇವತ್ತು ಬೆಳಿಗ್ಗೆ ಹಸುವಿಗೆ ಹುಲ್ಲು ಹಿರಿಯಲು ಹೋದರೆ ಮೆದೆ ಹೊರಗೆಲ್ಲ ಬೆವರುತ್ತಿತ್ತು ಕಣೋ. ಇಬ್ಬನಿ ಅಲ್ಲ, ಬೆವರು. ಪುಟ್ಟಲಕ್ಷ್ಮಮ್ಮ ಮೊಳಕೈವರೆಗೆ ಕೈ ತೂರಿಸಿ ಸರಕ್ಕನೆ ಎಳೆದುಕೊಂಡಳು. "ಒಳಗೆ ಬೇಯ್ತಾ ಅದೆ ಕಣಮ್ಮಿ ಚಲುವಿ, ಇನ್ನೆಲ್ಡು ದಿನ ಬುಟ್ಟಿದ್ರೆ ಕಣನೇ ಇರ್ತಿರ್ಲಿಲ್ಲ" ಅಂದಳು. ಊರಿನವರು ಬಂದು ನೀರು ಇಟ್ಟುಕೊಂಡು ಮೆದೆ ಎಳೆದರು. ನಡುವಿನ ಹುಲ್ಲು ಕಾಫಿ ಬಣ್ಣಕ್ಕೆ ತಿರುಗಿತ್ತು. ಅದಕ್ಕೆ ಗಾಳಿ ತಾಕಿದ್ದೇ ತಡ, ಭಗ್ ಅಂತ ಹೊತ್ತಿತು. ಯಾರೂ ಕಡ್ಡಿ ಗೀರಿರಲಿಲ್ಲ.

ಕೈಕಾಲೆಲ್ಲ ಮಸಿಯಾಗಿ ಮನೆಗೆ ಬಂದರೆ ನಿನ್ನ ಕಾಗದ ಕಿಟಕಿಯಲ್ಲಿತ್ತು. ಬೆವರು, ಬಿಸಿ, ವಾಸನೆ, ಬಾಡಿದ ಹೂವು. ನಿನ್ನ ಹಿಂದಿನ ಕಾಗದವನ್ನೂ ತೆಗೆದು ಮತ್ತೆ ಓದಿದೆ. ನಮ್ಮ ಕಲ್ಲು ಬೆವರುವಾಗ ತಣ್ಣಗಿರುತ್ತದೆ ರವೀಂದ್ರ. ಯಾವತ್ತೂ ತಣ್ಣಗೇ. ನೀನು ಬೆಚ್ಚಗೆ ಅಂತ ಮೊದಲ ಕಾಗದದಲ್ಲೇ ಬರೆದಿದ್ದೆ. ನಾನು ಅದನ್ನು ಓದಿಯೂ ಓದಲಿಲ್ಲ. ಅದು ಅಮ್ಮನಲ್ಲ. ಆ ಗೋಡೆಯ ಹಿಂದೆ ಕಲ್ಲಿದ್ದಲು ತಾನಾಗಿಯೇ ಬೇಯುತ್ತಿದೆ.

ಬುಧರಾಮನ ನಂಬರಿಗೆ ತನುಶ್ರೀ ಕೈಲಿ ಫೋನ್ ಮಾಡಿಸಿದೆ. ನೀನು ಓದಲಿ ಅಂತ ಅವನ ಬಟನ್ ಫೋನಿಗೆ ಕನ್ನಡ ಬರೆದು ಕಳಿಸಿದರೆ ಬರೀ ಡಬ್ಬಿ ಡಬ್ಬಿ ಕಾಣುತ್ತದಂತೆ. ಅವಳು ಹಿಂದಿಯಲ್ಲಿ ನಿನಗೆ ಫೋನ್ ಕೊಡಿ ಅಂದಳು. ಆಮೇಲೆ ಫೋನಿಗೆ ಕೈ ಅಡ್ಡ ಇಟ್ಟು ನನ್ನ ಕಡೆ ತಿರುಗಿದಳು.

"ಯಾಕಮ್ಮಿ, ಏನಂದ?"

"ಕೊಟ್ಟು ಏನ್ ಉಪಯೋಗ ಅಂತಾವ್ನೆ ಕಣವ್ವ. ಮಾವನಿಗೆ ಕಿವಿ ಕೇಳ್ಸಕಿಲ್ವಂತೆ. ಎಲ್ಡು ವರ್ಸ ಆಯ್ತಂತೆ. ಮನೇರ್ಗೆ ಗೊತ್ತಿಲ್ವಾ ಅಂತ ನನ್ನೇ ಕೇಳ್ತಾವ್ನೆ."

ಟವರ್ ಇಲ್ಲ ಅಂತ ಎಷ್ಟು ಕಾಗದ ಬರೆದೆ ನೀನು. ಆ ಫ್ಯಾನಿನ ಹತ್ತಿರ ಕೆಲಸ ಮಾಡಿ ಮಾಡಿ ಹೋಯಿತಾ? ಡಾಕ್ಟರು ನೋಡಿದರೆ ಕೆಲಸದಿಂದ ತೆಗೆಯುತ್ತಾರೆ ಅಂತ ಮುಚ್ಚಿಟ್ಟಿದ್ದೀಯ ಅಂತಲೂ ಅವನೇ ಹೇಳಿದ. ನಾನು ಇಲ್ಲಿ ಕೂತು, ತಮ್ಮನಿಗೆ ಕೊಬ್ಬು ಅಂತ ಬೈದುಕೊಳ್ಳುತ್ತಿದ್ದೆ. ಅದು ಹೋಗಲಿ. ಒಳಗೆ ಅಪಾಯದ ಗಂಟೆ ಹೊಡೆದರೆ ನಿನಗೆ ಯಾರು ಹೇಳುತ್ತಾರೆ?

ಗೋಡೆಯ ಹಿಂದೆ ಬೆಂಕಿ ಇದೆ ಅಂತ ತನುಶ್ರೀ ಅವನಿಗೆ ಬಿಡಿಸಿ ಬಿಡಿಸಿ ಹೇಳಿದಳು. ಅವನು ನಕ್ಕನಂತೆ. ಮಾತಾ, ಅಂದರೆ ಅಮ್ಮ, ಬಂದಿದ್ದಾಳೆ ಅಂತ ಅಕ್ಕನೇ ಅಂದದ್ದು, ಈಗ ಅಕ್ಕ ಯಾಕೆ ಹೆದರುತ್ತಾಳೆ, ಮೂರನೆಯ ಮಂಗಳವಾರ ಕಳೆಯಲಿ ಎಲ್ಲ ಒಳ್ಳೆಯದಾಗುತ್ತೆ ಅಂದನಂತೆ. ನನ್ನ ಮಾತನ್ನೇ ನನಗೆ ತಿರುಗಿಸಿ ಹೇಳಿದ.

ಇನ್ನೊಂದು. ಆ ಫ್ಯಾನನ್ನು ಮೊದಲು ನಿಲ್ಲಿಸಲು ಹೇಳು. ತಿದಿ ನಿಂತರೆ ಬೆಂಕಿ ಸಾಯುತ್ತದೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿರುವ ವಿಷಯ.

ಭಾವನವರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಈ ಕಾಗದವನ್ನು ಸ್ಪೀಡ್ ಪೋಸ್ಟ್ ಮಾಡಲು ಗಾಡಿ ತೆಗೆದು ಶ್ರೀರಂಗಪಟ್ಟಣಕ್ಕೆ ಹೊರಟು ನಿಂತಿದ್ದಾರೆ.

ಚಲುವಮ್ಮ

*

ಅರಕೆರೆ
15 ಡಿಸೆಂಬರ್ 2024

ರವೀಂದ್ರ,

ಸ್ಪೀಡ್ ಪೋಸ್ಟ್ ತಲುಪಿತೋ ಇಲ್ಲವೋ ತಿಳಿಯದು. ಬುಧರಾಮನ ಫೋನು ಎರಡು ದಿನದಿಂದ ಸ್ವಿಚ್ ಆಫ್. ಭಾವ ನಿನ್ನ ಕಂತ್ರಾಟುದಾರನ ನಂಬರು ಹುಡುಕಿ ಮಾಡಿದರು. ತನುಶ್ರೀ ಮಾತಾಡಿದಳು. ಹುಲ್ಲಿನ ಮೆದೆ ನೋಡಿ ಗಣಿಯ ವಿಷಯ ಹೇಳುವ ನೀವು ಯಾರು, ಸುಳ್ಳು ಸುದ್ದಿ ಹಬ್ಬಿಸಿದರೆ ನಿನ್ನ ಕೆಲಸವೇ ಹೋಗುತ್ತೆ ಅಂತ ಗದರಿ ಇಟ್ಟುಬಿಟ್ಟ. ಗಣಿಯ ಆಫೀಸಿನ ನಂಬರಿಗೆ ಮಾಡಿದರೆ ಹಾಡು ಬರುತ್ತದೆ, ಆಮೇಲೆ ಕಟ್ಟಾಗುತ್ತದೆ.

ನಾಡಿದ್ದು ಮಂಗಳವಾರ. ಕಲ್ಲಿನ ಮುಂದೆ ಕೂತರೆ ಬಾಯಲ್ಲಿ ಮಂತ್ರ ಬರುವುದಿಲ್ಲ, ಬರೀ ನಿನ್ನ ಹೆಸರು. ಅಲ್ಲಿಗೆ ಹೋಗಬೇಡ. ಹೋದರೆ ನನ್ನ ಆಣೆ.

ಅಕ್ಕ

*

ಗಣಿ ಕಾಲೋನಿ
20 ಡಿಸೆಂಬರ್ 2024

ಅಕ್ಕ,

ನಾನು ಬದುಕಿದ್ದೇನೆ. ಬುಧರಾಮ ಇಲ್ಲ.

ನಿನ್ನ ಕಾಗದ ಸೋಮವಾರ ಸಂಜೆ ತಲುಪಿತು. ನೀನು ಫೋನ್ ಮಾಡಿದ್ದನ್ನು ಬುಧರಾಮ ಅವತ್ತೇ ಸನ್ನೆ ಮಾಡಿ ತಿಳಿಸಿದ್ದ. ನಕ್ಕುಕೊಂಡು ಹೇಳಿದ್ದರಿಂದ ನೀನು ಕ್ಷೇಮ ಕೇಳಿದೆ ಅಂದುಕೊಂಡೆ. ಸೋಮವಾರ ಕಾಗದ ಓದಿ ನೇರ ಮೇಲ್ವಿಚಾರಕರ ಮನೆಗೆ ಹೋದೆ. ಪಾಳಿ ಮುಗಿಸಿ ಊರಿಗೆ ಹೋಗಿದ್ದರು, ಬೆಳಿಗ್ಗೆ ಪಾಳಿಗೆ ಬರುವವರು. ಬೇರೆಯವರಿಗೆ ಹೇಳಬೇಕಿತ್ತು. ಬೆಳಿಗ್ಗೆ ಅವರಿಗೇ ಹೇಳೋಣ, ಅವರಾದರೆ ಬೈಯದೆ ಕೇಳುತ್ತಾರೆ ಅಂತ ಬಂದುಬಿಟ್ಟೆ.

ಮಂಗಳವಾರ ನಾನು ಇಳಿಯುವ ಮುಂಚೆ ಹೇಳಿದೆ, ಬುಧರಾಮನೂ ಉಳಿದವರೂ ಆಗಲೇ ಇಳಿದಿದ್ದರು. ತಕ್ಷಣ ನನ್ನ ಜೊತೆ ಗೋಡೆಗೆ ಬಂದರು. ಗೂಡು ನೋಡಿದರು, ಕುಂಕುಮ ನೋಡಿದರು. ಗೋಡೆಯಲ್ಲಿ ಬೆರಳಗಲ ಬಿರುಕು ಬಿಟ್ಟಿತ್ತು. ಅದರಿಂದ ನೀಲಿ ಹೊಗೆ ಎಳೆ ಎಳೆಯಾಗಿ ಬಂದು, ಗಾಳಿ ಹೋಗುವ ಕಡೆಗೇ, ಒಳಗಿನ ಜನರ ಕಡೆಗೇ ಹೋಗುತ್ತಿತ್ತು. ಅವರು ಫೋನಿಗೆ ಓಡಿದರು.

ಫ್ಯಾನು ನಿಲ್ಲಿಸಲಿಲ್ಲ, ಅಕ್ಕ. ನಾನೂ ನಿನ್ನ ಹಾಗೆಯೇ ತಿಳಿದಿದ್ದೆ. ಕುಲುಮೆಯ ಒಳಗೆ ಜನ ಇರುವುದಿಲ್ಲ, ಇಲ್ಲಿ ಇರುತ್ತಾರೆ. ಫ್ಯಾನು ನಿಂತರೆ ಹೊಗೆ ಎತ್ತ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ, ಹಿಂದಕ್ಕೆ ತಿರುಗಿ ಜನ ಹೊರಬರುವ ದಾರಿಗೇ ತುಂಬುತ್ತದೆ. ಕಲ್ಲಿದ್ದಲಿನಿಂದ ಸೋರುವ ಗ್ಯಾಸು ಬೇರೆ ಕಟ್ಟಿಕೊಳ್ಳುತ್ತದೆ. ಬೆಂಕಿಗೆ ಸಾಯುವವರಿಗಿಂತ ಹೊಗೆಗೆ ಸಾಯುವವರೇ ಹೆಚ್ಚು. ಜನ ಹೊರಗೆ ಬರುವವರೆಗೆ ಗಾಳಿ ತನ್ನ ದಾರಿಯಲ್ಲೇ ಹೋಗುತ್ತಿರಬೇಕು.

ಒಳಗಿದ್ದವರನ್ನು ಟ್ರಾಲಿ ದಾರಿಯಿಂದ ಜನರ ದಾರಿಗೆ ದಾಟಿಸಬೇಕಿತ್ತು, ಅಲ್ಲಿ ಗಾಳಿ ಚೆನ್ನಾಗಿತ್ತು. ನಡುವೆ ನಾನು ಕೂರಿಸಿದ ಜೋಡಿ ಬಾಗಿಲು. ನನ್ನನ್ನು ಅಲ್ಲಿ ನಿಲ್ಲಿಸಿದರು. ಒಂದು ಗುಂಪು ಒಳಗೆ ಬಂದಮೇಲೆ ಆ ಬಾಗಿಲು ಹಾಕಿ ಈ ಬಾಗಿಲು ತೆಗೆಯುವುದು, ಅವರನ್ನು ಕಳಿಸಿ ಮತ್ತೆ ಇದನ್ನು ಹಾಕುವುದು. ಎರಡೂ ಒಟ್ಟಿಗೆ ತೆರೆದರೆ ಹೊಗೆ ಈ ಕಡೆಗೂ ಬರುತ್ತದೆ. ಜನ ನೂಕುತ್ತಿದ್ದರು, ಬೈಯುತ್ತಿದ್ದರು. ಅವರ ಬಾಯಿ ಆಡುವುದು ಕಾಣುತ್ತಿತ್ತು. ನನಗೆ ಏನೂ ಕೇಳಿಸದೆ ಇದ್ದದ್ದರಿಂದಲೋ ಏನೋ ಒಂದು ಸಲವೂ ಬಾಗಿಲ ಸರದಿ ತಪ್ಪಲಿಲ್ಲ.

ಪ್ರತಿಯೊಬ್ಬರ ಸೊಂಟದಲ್ಲೂ ಉಕ್ಕಿನ ಡಬ್ಬಿ ಇರುತ್ತದೆ. ಹೊಗೆ ಬಂದರೆ ಅದನ್ನು ಬಿಚ್ಚಿ ಬಾಯಿಗೆ ಕಚ್ಚಿಕೊಂಡು ಅದರ ಮೂಲಕವೇ ಉಸಿರಾಡಬೇಕು. ವಿಷ ಹೆಚ್ಚಾದಷ್ಟೂ ಅದು ಬಾಯಿ ಸುಡುತ್ತದೆ. ಸುಟ್ಟರೂ ತೆಗೆಯಬಾರದು. ಕೆಮ್ಮುತ್ತ ಬಂದವರೆಲ್ಲ ಅದನ್ನು ಕಚ್ಚಿಕೊಂಡೇ ದಾಟಿದರು.

ಬುಧರಾಮ ಕೊನೆಯ ಗುಂಪಿನಲ್ಲಿ ಬಂದ. ದಾಟುವವನು ನಿಂತ. ಬಾಯಿಂದ ಡಬ್ಬಿ ತೆಗೆದು ನನ್ನ ಭುಜ ಹಿಡಿದು ಏನೋ ಹೇಳಿದ. ಗೋಡೆಯ ಕಡೆ ಕೈ ತೋರಿಸಿದ. ನನಗೆ ಕೇಳಿಸಲಿಲ್ಲ. ಎರಡು ವರ್ಷದಿಂದ ಯಾರು ಏನು ಹೇಳಿದರೂ ತುಟಿ, ಸನ್ನೆ ನೋಡಿ ಅರ್ಧ ತಿಳಿದುಕೊಂಡು, ಉಳಿದದ್ದಕ್ಕೆ ಕೇಳಿಸಿದವನ ಹಾಗೆ ತಲೆ ಆಡಿಸಿ ಆಡಿಸಿ ಅಭ್ಯಾಸವಾಗಿಬಿಟ್ಟಿದೆ. ತಲೆ ಆಡಿಸಿದೆ. ಅವನು ಹಿಂದಕ್ಕೆ ಹೋದ. ಒಳಗೆ ಇನ್ನೊಬ್ಬ ಉಳಿದಿದ್ದಾನೆ, ಕರೆತರಲು ಹೋದ ಅಂತ ನಾನು ತಿಳಿದೆ.

ಮೇಲೆ ಬಂದು, ಇಳಿಯುವಾಗ ಲೆಕ್ಕಕ್ಕೆ ಒಬ್ಬೊಬ್ಬರಿಗೂ ಕೊಡುವ ಹಿತ್ತಾಳೆಯ ಬಿಲ್ಲೆ ಒಪ್ಪಿಸುವಾಗ ಅವನ ಬಿಲ್ಲೆ ಮಾತ್ರ ಬರಲಿಲ್ಲ. ಫುಲಮತಿ ಗಣಿಯ ಬಾಯಿಗೆ ಬಂದು ನಿಂತಿದ್ದಳು. ಆಕ್ಸಿಜನ್ ಹೊತ್ತ ರಕ್ಷಣೆಯವರು ಎರಡು ಸಲ ಇಳಿದು ಹಿಂದಕ್ಕೆ ಬಂದರು. ಸಂಜೆ ಮೂರನೆಯ ಸಲ ಅವನನ್ನು ತಂದರು. ಮೈಮೇಲೆ ಒಂದು ಸುಟ್ಟ ಗಾಯವಿಲ್ಲ. ಕೆನ್ನೆ ಕೆಂಪಗೆ, ನಿದ್ದೆ ಮಾಡಿದ ಹಾಗಿದ್ದ. ಆ ವಿಷಗಾಳಿ ಹಾಗೆಯೇ ಮಾಡುತ್ತದಂತೆ. ಗೂಡಿನ ಹತ್ತಿರ ಬಿದ್ದಿದ್ದನಂತೆ. ಅವನ ಅಂಗಿಯೊಳಗೆ ಕರಿಕಲ್ಲು ಇತ್ತು. ಅಮ್ಮನನ್ನು ಬೆಂಕಿಯಲ್ಲಿ ಬಿಟ್ಟು ಬರಲು ಅವನಿಗೆ ಮನಸ್ಸಾಗಲಿಲ್ಲ. ನನ್ನನ್ನು ಅದೇ ಕೇಳಿದ್ದು. ನಾನು ಹೂಂ ಅಂದೆ.

ಆ ಭಾಗವನ್ನು ಎರಡೂ ಕಡೆಯಿಂದ ಮುಚ್ಚಿದ್ದಾರೆ. ಒಳಗೆ ಇನ್ನೂ ಉರಿಯುತ್ತಿದೆ, ತಿಂಗಳುಗಟ್ಟಲೆ ಉರಿಯಬಹುದು. ಕಂತ್ರಾಟಿನ ಜನಕ್ಕೆ ಕೆಲಸವಿಲ್ಲ. ಕೆಲವರು ನನ್ನನ್ನು ಕಂಡರೆ ಉಗುಳುತ್ತಾರೆ, ಇವನು ಸುಮ್ಮನಿದ್ದಿದ್ದರೆ ಹೊಟ್ಟೆಪಾಡು ನಡೆಯುತ್ತಿತ್ತು ಅನ್ನುತ್ತಾರಂತೆ. ಇನ್ನು ಕೆಲವರು ಆ ಕಲ್ಲನ್ನು ಗಣಿಯ ಬಾಯಲ್ಲಿಟ್ಟು ಗುಡಿ ಕಟ್ಟಬೇಕು ಅಂತ ಹೊರಟಿದ್ದಾರೆ. ಮಾತಾ ಒಬ್ಬನನ್ನು ಬಲಿ ತೆಗೆದುಕೊಂಡು ಪಾಳಿಯನ್ನೆಲ್ಲ ಉಳಿಸಿದಳು ಅಂತ ಕಥೆ ಕಟ್ಟಿದ್ದಾರೆ. ಫುಲಮತಿ ಅದನ್ನು ನಂಬಿದ್ದಾಳೆ. ಅದೊಂದೇ ಅವಳಿಗೆ ಸಮಾಧಾನ. ನಾನು ಏನೂ ಹೇಳಿಲ್ಲ. ಹೇಳಲೋ ಬೇಡವೋ, ನೀನೇ ತಿಳಿಸು.

ರವೀಂದ್ರ

*

ಅರಕೆರೆ
29 ಡಿಸೆಂಬರ್ 2024

ರವೀಂದ್ರ,

ನೀನು ಬದುಕಿದ್ದೀಯ ಅನ್ನುವ ಸಾಲು ಓದಿ ತಾಯಿಗೆ ಕೈ ಮುಗಿದೆ. ಮುಂದಿನ ಸಾಲು ಓದಿದ ಮೇಲೆ ಮುಗಿದ ಕೈಗೆ ನಾಚಿಕೆಯಾಯಿತು. ಎರಡು ದಿನ ಕಲ್ಲಿನ ಹತ್ತಿರ ಹೋಗಲಿಲ್ಲ. ಇವತ್ತು ಹೋಗಿ ಕೂತೆ. ತಾಯಿ ಇದ್ದಾಳೆ ಅನ್ನುವುದರಲ್ಲಿ ನನಗೆ ಸಂದೇಹವಿಲ್ಲ. ಅವಳು ಹೇಳದ ಮಾತನ್ನು ಅವಳ ಬಾಯಿಗೆ ತುರುಕಿದವಳು ನಾನು. ನಿನ್ನ ಭಾವ, "ನೀನು ಗೊತ್ತಿಲ್ದೆ ಬರ್ದೆ, ಅವ್ನು ಗೊತ್ತಿಲ್ದೆ ಹೂಂ ಅಂದ, ಯಾರ್ದೂ ತಪ್ಪಿಲ್ಲ ಸುಮ್ಕಿರು" ಅನ್ನುತ್ತಾರೆ. ನನಗೋಸ್ಕರ ಅನ್ನುತ್ತಾರೆ, ಅದು ನನಗೆ ಗೊತ್ತು.

ನೀನು ಕೇಳಿದ್ದಕ್ಕೆ ಉತ್ತರ. ಹೇಳಬೇಕು. ಆ ಗುಡಿ ಏಳಬಾರದು. ಎದ್ದರೆ ನಾಳೆ ಇನ್ನೊಂದು ಗೋಡೆ ಬೆವರಿದಾಗ ಯಾರೂ ಮೇಲ್ವಿಚಾರಕರ ಹತ್ತಿರ ಓಡುವುದಿಲ್ಲ, ಹೂವು ಹಿಡಿದು ಬರುತ್ತಾರೆ. ಆ ದಿನ ಬಾಗಿಲಲ್ಲಿ ನಿಲ್ಲಲು ನೀನಿರುವುದಿಲ್ಲ. ನಿನ್ನ ಕಿವಿಯ ವಿಷಯವನ್ನೂ ಇವತ್ತೇ ಆಫೀಸಿಗೆ ಹೋಗಿ ಹೇಳು. ಕೆಲಸ ಹೋದರೆ ಹೋಗಲಿ. ಇಲ್ಲಿ ಕುಲುಮೆ ಇದೆ, ಸುತ್ತಿಗೆಯ ಪೆಟ್ಟು ಕಣ್ಣಿಗೆ ಕಂಡರೆ ಸಾಕು.

ಅವಳ ಸಮಾಧಾನ ಕಿತ್ತುಕೊಳ್ಳುವುದು ಪಾಪ ಅಂತ ನಿನಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಆದರೆ ಅವಳ ಗಂಡನ ಪ್ರಾಣವನ್ನು ತಾಯಿ ಕೇಳಲಿಲ್ಲ. ತಾಯಿ ಕೇಳಿದಳು ಅಂತ ಅವಳು ದಿನಾ ಹೂವು ಏರಿಸುತ್ತ ಇರುವುದನ್ನು ನೋಡಿಕೊಂಡು ನಾನು ಇಲ್ಲಿ ಅನ್ನ ಉಣ್ಣಲಾರೆ.

ನೀನು ಒಬ್ಬನೇ ಹೋಗಿ ಹೇಳಬೇಡ. ಮೈಸೂರಿನಿಂದ ರೈಲು ಹತ್ತಿ ನಾನೂ ಭಾವನೂ ಬರುತ್ತಿದ್ದೇವೆ. ಈ ಕಾಗದ ಮೊದಲು ತಲುಪುತ್ತದೋ ನಾವೋ ತಿಳಿಯದು. ತನುಶ್ರೀಗೆ ರಜೆ ಸಿಗಲಿಲ್ಲ. ಫೋನಿನಲ್ಲಿ ಹಿಂದಿಗೆ ತಿರುಗಿಸಿ ಹೇಳುತ್ತೇನೆ ಅಂದಳು. ಇದು ಫೋನಿನಲ್ಲಿ ಹೇಳುವ ಮಾತಲ್ಲ ಅಂದೆ.

ಅವಳ ಮನೆಯ ಬಾಗಿಲಲ್ಲಿ ನಾನು ಕೂರುತ್ತೇನೆ. ನಾನು ಹೇಳಿದ್ದನ್ನು ನೀನು ಅವಳ ಭಾಷೆಯಲ್ಲಿ ಹೇಳು, ಒಂದು ಮಾತೂ ಬಿಡಬೇಡ, ನನಗೋಸ್ಕರ ಮೆತ್ತಗೆ ಮಾಡಬೇಡ. ಸುಮ್ಮನಿರಲು ಹೇಳಿದ್ದು ಈ ಹೆಂಗಸು ಅಂತ ನನ್ನ ಕಡೆ ಕೈ ತೋರಿಸು. ಅವಳು ಏನಂದರೂ ನಿನಗೆ ಕೇಳಿಸುವುದಿಲ್ಲ. ನನಗೆ ಅರ್ಥವಾಗುವುದಿಲ್ಲ. ಆದರೂ ಅವಳು ಅಂದು ಮುಗಿಸುವವರೆಗೆ ಇಬ್ಬರೂ ಏಳುವುದು ಬೇಡ. ಈ ಸಲ ತಲೆ ಆಡಿಸಬೇಡ.

ಅಕ್ಕ
ಚಲುವಮ್ಮ